ಮೈಕಾ ಹಚ್ಚುವ ಮುಂಚೆ ನೋಡಿ: ಕಲಬುರಗಿಯಲ್ಲಿ ಮಿಸ್ತ್ರಿ ಹಿಡಿದು ವಾರ್ಡ್‌ರೋಬ್ ಮಾಡಿಸುವ ಸಮಗ್ರ ಮಾರ್ಗದರ್ಶಿ

ಹೊಸ ವಾರ್ಡ್‌ರೋಬ್ ಬಗ್ಗೆ ಬರುವ ದೂರುಗಳು ಹೆಚ್ಚೂಕಡಿಮೆ ಒಂದೇ. ಬಾಗಿಲು ಜೋತುಬಿದ್ದಿದೆ. ಡ್ರಾಯರ್ ಅರ್ಧಕ್ಕೇ ನಿಲ್ಲುತ್ತದೆ. ಹಿಂದಿನ ಹಲಗೆಗೆ ಬೂಸ್ಟು ಬಂದಿದೆ. ಹೇಳಿದ್ದಕ್ಕಿಂತ ರೊಕ್ಕ ಜಾಸ್ತಿ ಆಯಿತು. ಕೊನೆಗೆ ಎಲ್ಲರೂ ಮಿಸ್ತ್ರಿಯನ್ನೇ ಬೈಯುತ್ತಾರೆ. ಆದರೆ ಬಹಳಷ್ಟು ಸಲ ಮಿಸ್ತ್ರಿಯ ಕೈ ಚೆನ್ನಾಗಿಯೇ ಇರುತ್ತದೆ, ಕೆಲಸದ ಕ್ರಮ ತಪ್ಪಿರುತ್ತದೆ. ಅಡ್ವಾನ್ಸ್ ಮೊದಲು, ಅಳತೆ ಆಮೇಲೆ. ಪ್ಲೈವುಡ್ ಯಾವುದು ಅಂತ ನೋಡುವುದು ಅದು ಮನೆಗೆ ಬಂದಿಳಿದ ಮೇಲೆ.

ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಮೈಕಾ (ಪ್ಲೈವುಡ್ ಮೇಲೆ ಹಚ್ಚುವ ಬಣ್ಣದ ತೆಳು ಹಾಳೆ) ಅಂಟಿಸಿದ ಮೇಲೆ ಒಳಗಿನ ಪ್ಲೈ, ಸ್ಕ್ರೂ, ಜೋಡಣೆ ಯಾವುದೂ ಕಾಣುವುದಿಲ್ಲ. ಹಾಗಾಗಿ ಈ ಬರಹದ ಮುಕ್ಕಾಲು ಭಾಗ ಅದಕ್ಕೂ ಮುಂಚಿನ ಕೆಲಸದ ಬಗ್ಗೆಯೇ ಇದೆ.

ಹಂತ 1: ಮೊದಲು ಗೋಡೆ ನೋಡಿ

ಮಿಸ್ತ್ರಿಗೆ ಫೋನ್ ಮಾಡುವ ಮುಂಚೆ ಗೋಡೆಯನ್ನು ಪರೀಕ್ಷೆ ಮಾಡಿ. ಬಾತ್‌ರೂಮಿಗೆ ಅಂಟಿಕೊಂಡ ಗೋಡೆ, ಮಳೆ ಹೊಡೆಯುವ ಹೊರಗೋಡೆ, ಮೇಲೆ ನೀರಿನ ಟ್ಯಾಂಕ್ ಇರುವ ಮೂಲೆ, ಈ ಮೂರರ ಮೇಲೂ ಅನುಮಾನ ಇರಲಿ. ಬಣ್ಣ ಉಬ್ಬಿದೆಯಾ, ಬಿಳಿ ಉಪ್ಪಿನ ಹುಡಿ ಉದುರುತ್ತಿದೆಯಾ ನೋಡಿ.

ಕಣ್ಣಿಗೆ ಏನೂ ಕಾಣದಿದ್ದರೂ ಒಂದು ಸುಲಭ ಪರೀಕ್ಷೆ ಇದೆ. ಎರಡು ಅಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ಗೋಡೆಯಲ್ಲಿ ತೇವ ಇದೆ ಅಂತ ಅರ್ಥ. ಆಗ ಮೊದಲು ಪೈಪು, ಚಾವಣಿ ರಿಪೇರಿ ಆಗಲಿ, ಕಪಾಟಿನ ಮಾತು ಆಮೇಲೆ. ಈ ಪರೀಕ್ಷೆಯನ್ನು ಮೇ ತಿಂಗಳಲ್ಲಿ ಮಾಡಿ ನಿಶ್ಚಿಂತೆ ಆಗಬೇಡಿ. ನಮ್ಮ ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುವಾಗ ಮಳೆಗೆ ತೇವ ಹಿಡಿಯುವ ಗೋಡೆಯೂ ಒಣಗಿರಬಹುದು. ಮಳೆಗಾಲದಲ್ಲಿ ಆ ಗೋಡೆ ಹೇಗಿತ್ತು ಅಂತ ಮನೆಯವರನ್ನು ಕೇಳಿ.

ಗೆದ್ದಲಿನ ಗುರುತೂ ಇಲ್ಲೇ ಹುಡುಕಬೇಕು. ನೆಲ ಮತ್ತು ಗೋಡೆ ಕೂಡುವ ಸಂದಿಯಿಂದ ಮೇಲಕ್ಕೆ ಹತ್ತುವ ಮಣ್ಣಿನ ಗೆರೆ ಕಂಡರೆ ಅದನ್ನು ಒರೆಸಿ ಸುಮ್ಮನಾಗಬೇಡಿ. ಗೆದ್ದಲು ಔಷಧಿ ಹೊಡೆಯುವವರನ್ನು ಕರೆಸಿ. ಕಪಾಟು ಕೂತ ಮೇಲೆ ಅದರ ಹಿಂದಿನ ಗೋಡೆಗೆ ಔಷಧಿ ಮುಟ್ಟಿಸುವುದು ಕಷ್ಟ.

ಹಳೆಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಬ್ರಹ್ಮಪುರ, ಶಹಾಬಜಾರ್ ಕಡೆ ಇನ್ನೂ ಕಲ್ಲಿನ ದಪ್ಪ ಗೋಡೆಯ ಮನೆಗಳಿವೆ. ಅಂಥ ಗೋಡೆ ಸಪಾಟಾಗಿರುವುದಿಲ್ಲ. ಕಲ್ಲುಗಳ ನಡುವಿನ ಮಣ್ಣು, ಸುಣ್ಣದ ಸಂದಿಯಲ್ಲಿ ಆಂಕರ್ (ಗೋಡೆಯೊಳಗೆ ಕಚ್ಚುವ ಬೋಲ್ಟು) ಹಿಡಿಯುವುದೂ ಇಲ್ಲ. ಡ್ರಿಲ್ಲು ಕಲ್ಲಿಗೇ ಬೀಳಬೇಕು. ಅಲ್ಲಿ ಗೋಡೆಯೊಳಗೆ ಕೂರಿಸುವ ಕಪಾಟಿಗಿಂತ ತನ್ನ ಕಾಲ ಮೇಲೆ ನಿಲ್ಲುವ ಪೆಟ್ಟಿಗೆ ಮಾಡಿಸಿ, ಮೇಲ್ಭಾಗವನ್ನು ಗೋಡೆಗೆ ಎಲ್ ಕ್ಲ್ಯಾಂಪ್ (ಎಲ್ ಆಕಾರದ ಲೋಹದ ಪಟ್ಟಿ) ಹಾಕಿ ಬಿಗಿಸುವುದು ಒಳ್ಳೆಯದು.

ಹಂತ 2: ನಿಮ್ಮ ಅಳತೆ ನೀವೇ ತೆಗೆಯಿರಿ

ಬೇಕಾಗುವುದು ಒಂದು ಟೇಪು, ಒಂದು ಓಳಂಬ (ಗೋಡೆ ನೆಟ್ಟಗಿದೆಯಾ ನೋಡುವ ತೂಕದ ದಾರ), ಒಂದು ಲೆವೆಲ್ ಪಟ್ಟಿ, ಕಾಗದ, ಪೆನ್ಸಿಲ್. ಗೋಡೆಯ ಅಗಲವನ್ನು ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಕಡೆ ಅಳೆಯಿರಿ. ಮೂರೂ ಒಂದೇ ಬಂದರೆ ನಿಮ್ಮ ಗೌಂಡಿಗೆ ಒಂದು ಶಹಬ್ಬಾಸ್ ಹೇಳಿ, ಅಂಥ ಗೋಡೆ ಅಪರೂಪ. ಬೇರೆ ಬೇರೆ ಬಂದರೆ ಎಲ್ಲಕ್ಕಿಂತ ಕಡಿಮೆ ಇರುವುದೇ ನಿಮ್ಮ ಅಳತೆ. ಎತ್ತರವನ್ನೂ ಹಾಗೆಯೇ ಮೂರು ಕಡೆ ನೋಡಿ.

ಆಮೇಲೆ ಕೋಣೆಯಲ್ಲಿ ಏನೇನು ತಾಗುತ್ತದೆ ನೋಡಿ. ಜನ ಬಹಳ ಮರೆಯುವುದು ಫ್ಯಾನನ್ನು. 48 ಇಂಚಿನ ಫ್ಯಾನಿನ ರೆಕ್ಕೆಯ ತುದಿ ನಡುವಿನಿಂದ ಎರಡು ಅಡಿ ದೂರ ಸುತ್ತುತ್ತದೆ. ಕೋಣೆ 10 ಅಡಿ ಆಳ ಇದ್ದು ಫ್ಯಾನು ಸರಿಯಾಗಿ ನಡುವೆ ಇದ್ದರೆ, ರೆಕ್ಕೆ ಗೋಡೆಯಿಂದ 3 ಅಡಿವರೆಗೆ ಬರುತ್ತದೆ. ಕಪಾಟು 2 ಅಡಿ ಆಳ, ಅಟ್ಟದ (ಕಪಾಟಿನ ತಲೆಯ ಮೇಲಿನ ಖಾನೆಯ) ಬಾಗಿಲು 21 ಇಂಚು ಅಗಲ ಅಂದರೆ ತೆರೆದಾಗ ಬಾಗಿಲಿನ ತುದಿ ಪೌಣೆ ನಾಲ್ಕು ಅಡಿಗೆ ಬರುತ್ತದೆ. ಫ್ಯಾನು ತಿರುಗುವಾಗ ಅಟ್ಟದ ಬಾಗಿಲು ತೆರೆದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಅಟ್ಟಕ್ಕೆ ಅಗಲ ಕಡಿಮೆ ಇರುವ ಬಾಗಿಲು ಹಾಕಿಸಿ, ಇಲ್ಲವೇ ಫ್ಯಾನಿನ ಜಾಗ ಬದಲಿಸಿ.

ಮಂಚಕ್ಕೂ ಕಪಾಟಿಗೂ ನಡುವೆ ಕನಿಷ್ಠ 30 ಇಂಚು ಬೇಕು, 36 ಇದ್ದರೆ ಆರಾಮ. ಕೋಣೆಯ ಬಾಗಿಲು ಪೂರ್ತಿ ತೆರೆಯುತ್ತದಾ ನೋಡಿ. ಸ್ವಿಚ್ ಬೋರ್ಡ್, ಪ್ಲಗ್, ಎಸಿ ಪೈಪು ಕಪಾಟಿನ ಹಿಂದೆ ಹೋಗುವಂತಿದ್ದರೆ ಈಗಲೇ ಸರಿಸಿ.

ಹಂತ 3: ಒಳಗೆ ಏನಿಡುತ್ತೀರಿ ಬರೆಯಿರಿ

ಇದನ್ನು ಕಪಾಟು ಬಳಸುವವರೇ ಬರೆಯಬೇಕು. ಹ್ಯಾಂಗರಿಗೆ ಹಾಕಿದ ಶರ್ಟು, ಕುರ್ತಾ, ಮಡಚಿದ ಸೀರೆಗೆ ರಾಡಿನ ಕೆಳಗೆ 42 ಇಂಚಿನಷ್ಟು ಜಾಗ ಬಿಡಿ. ಉದ್ದನೆಯ ಗೌನು, ಶೇರ್ವಾನಿ ಇದ್ದರೆ 60 ಇಂಚು. ಮಡಚಿ ಇಡುವ ಬಟ್ಟೆಗೆ 12 ರಿಂದ 14 ಇಂಚಿನ ಖಾನೆ ಸಾಕು. ಖಾನೆ ಎತ್ತರ ಮಾಡಿದರೆ ಬಟ್ಟೆಯ ರಾಶಿ ಎತ್ತರ ಆಗುತ್ತದೆ, ಕೆಳಗಿನದು ಎಳೆದಾಗ ಎಲ್ಲಾ ಬೀಳುತ್ತದೆ. ಹಾಸಿಗೆ, ಕೌದಿ, ರಗ್ಗು ಅಟ್ಟಕ್ಕೆ. ರೊಕ್ಕ, ಕಾಗದಪತ್ರಕ್ಕೆ ಕೀಲಿ ಇರುವ ಖಾನೆ ಒಂದು.

ಕಪಾಟಿನ ಆಳ ಎರಡು ಅಡಿ ಅನ್ನುವುದು ರೂಢಿ. ಆದರೆ ಪ್ಲೈವುಡ್ ಶೀಟು 8 ಅಡಿಗೆ 4 ಅಡಿ. ಉದ್ದಕ್ಕೆ ಸೀಳಿದಾಗ ಬ್ಲೇಡು ಒಂದಿಷ್ಟು ತಿನ್ನುತ್ತದೆ, ಎರಡು ತುಂಡೂ 24 ಇಂಚಿಗೆ ಸ್ವಲ್ಪ ಕಡಿಮೆ ಬರುತ್ತವೆ. 23 ಮುಕ್ಕಾಲು ಇಂಚು ಅಂತ ಒಪ್ಪಿಕೊಳ್ಳಿ. ಸರಿಯಾಗಿ 24 ಬೇಕು ಅಂತ ಹಠ ಹಿಡಿದರೆ ಒಂದು ಶೀಟಿನಲ್ಲಿ ಎರಡು ತುಂಡಿನ ಬದಲು ಒಂದೇ ಬರುತ್ತದೆ. ಸರಿಯುವ ಬಾಗಿಲು ಬೇಕಾದರೆ ಮಾತು ಬೇರೆ, ಅದಕ್ಕೆ 26-27 ಇಂಚು ಆಳ ಬೇಕೇ ಬೇಕು.

ಹಂತ 4: ಮಿಸ್ತ್ರಿ ಹುಡುಕುವುದು

ಮನೆಯಲ್ಲೇ ಕೂತು ಪ್ಲೈ ಕೊಯ್ದು ಮಾಡುವ ಮಿಸ್ತ್ರಿ ಬೇರೆ, ಕಾರ್ಖಾನೆಯಿಂದ ಬಂದ ತಯಾರಿ ಹಲಗೆಗಳನ್ನು ಜೋಡಿಸುವ ಫಿಟ್ಟರ್ ಬೇರೆ. ತಯಾರಿ ಸಾಮಾನು ತಂದು ಇಟ್ಟುಕೊಂಡಿದ್ದರೆ ಫಿಟ್ಟರನ್ನೇ ಕರೆಯಿರಿ. ಆ ಹಲಗೆ ಪಾರ್ಟಿಕಲ್ ಬೋರ್ಡಿನದಾದರೆ (ಮರದ ಚೂರು ಒತ್ತಿ ಮಾಡಿದ್ದು) ಒಮ್ಮೆ ಬಿಚ್ಚಿದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಗಟ್ಟಿಯಾಗಿ ಕೂರುವುದಿಲ್ಲ, ಹಾಗಾಗಿ ಅಲ್ಲಿ ಕಲಿಯುವ ಕೈ ಬೇಡ. ಕಲ್ಲಿನ ಗೋಡೆ, ವಾರೆ ಮೂಲೆ ಇರುವ ಮನೆಗೆ ಮಾತ್ರ ಜಾಗದಲ್ಲೇ ಮಾಡುವ ಮಿಸ್ತ್ರಿಯೇ ಸರಿ.

ಪ್ಲೈವುಡ್ ಅಂಗಡಿಯವರು ಮಿಸ್ತ್ರಿಯ ನಂಬರ್ ಕೊಡುತ್ತಾರೆ. ತೊಗೊಳ್ಳಿ, ಆದರೆ ಅದೇ ಅಂಗಡಿಯ ಸಾಮಾನಿನ ಮೇಲೆ ಆ ಮಿಸ್ತ್ರಿಗೆ ಕಮಿಷನ್ ಇರಬಹುದು ಅನ್ನುವುದು ಗೊತ್ತಿರಲಿ. ಅದಕ್ಕಿಂತ ಒಳ್ಳೆಯ ದಾರಿ ಎಂದರೆ ಎರಡು ಮಳೆಗಾಲ ಕಂಡ ಕಪಾಟು ಇರುವ ಮನೆಯವರನ್ನು ಕೇಳುವುದು. ಹೊಸ ಕೆಲಸ ಎಲ್ಲರದ್ದೂ ಚೆಂದವೇ. ಎರಡು ವರ್ಷ ಹಳೆಯ ಬಾಗಿಲನ್ನು ಒಂದು ಬೆರಳಿನಿಂದ ಮುಚ್ಚಿ ನೋಡಿ. ಅಂಚಿನ ಪಟ್ಟಿ ಎದ್ದಿದೆಯಾ, ಬಾಗಿಲುಗಳ ನಡುವಿನ ಸಂದಿ ಮೇಲಿನಿಂದ ಕೆಳಗೆ ಒಂದೇ ಇದೆಯಾ ನೋಡಿ.

ಮನೆಗೆ ಬಂದ ಮಿಸ್ತ್ರಿ ಟೇಪು ತೆಗೆಯದೇ ದರ ಹೇಳಿದರೆ ಅದು ಮೊದಲ ಎಚ್ಚರಿಕೆ. “ಟೆನ್ಶನ್ ಬ್ಯಾಡ್ರಿ ಸರ್, ಎಲ್ಲಾ ಮಾಡಿ ಕೊಡ್ತೀನ್ರಿ” ಅನ್ನುವ ಮಾತಿಗೆ ಖುಷಿಪಡಬೇಡಿ. ಆ “ಎಲ್ಲಾ” ಏನೇನು ಅಂತ ಕೇಳಿ. ಎಷ್ಟು ಶೀಟು ಬೇಕು, ಬಾಗಿಲಿಗೆ ಎಷ್ಟು ಕಬ್ಜಾ (ಹಿಂಜ್) ಹಾಕುತ್ತೀರಿ, ಹಿಂದಿನ ಹಲಗೆ ಎಷ್ಟು ದಪ್ಪ ಅಂತ ಕೇಳಿದರೆ ಕೆಲಸ ಗೊತ್ತಿದ್ದವರು ಅಲ್ಲೇ ಲೆಕ್ಕ ಹಾಕುತ್ತಾರೆ. ಕೆಲಸಕ್ಕೆ ಬರುವವರು ಇವರೇನಾ, ಇಲ್ಲ ಹುಡುಗರನ್ನು ಕಳಿಸುತ್ತಾರಾ ಅನ್ನುವುದನ್ನೂ ಕೇಳಿಬಿಡಿ. ಮಾತಾಡಿದ ಕೈ ಒಂದು, ಕೊಯ್ಯುವ ಕೈ ಇನ್ನೊಂದು ಆಗಬಾರದು.

ಉಪಕರಣದ ಚೀಲ ನೋಡಿದರೂ ಸಾಕಷ್ಟು ತಿಳಿಯುತ್ತದೆ. ಗುಣ್ಯಾ (ಮೂಲೆ ನೇರ ಇದೆಯಾ ನೋಡುವ ಮಟ್ಟ), ಲೆವೆಲ್, ಕ್ಲ್ಯಾಂಪು, ಅಂಚು ಸವರುವ ಟ್ರಿಮ್ಮರ್, ಕಬ್ಜಾದ ಬಟ್ಟಲು ಕೂರಿಸಲು 35 ಮಿಲಿಮೀಟರಿನ ಬಿಟ್ ಇರಲೇಬೇಕು. ಸುತ್ತಿಗೆ ಮತ್ತು ಒಂದು ಕಟರ್ ಮಾತ್ರ ಇದ್ದರೆ ಬೇರೆಯವರನ್ನು ನೋಡಿ.

ಹಂತ 5: ದರದ ಚದರಡಿ ಯಾವ ಚದರಡಿ?

ಜಗಳ ಹುಟ್ಟುವ ಜಾಗ ಇದು, ನಿಧಾನವಾಗಿ ಓದಿ. ಒಬ್ಬರು ಚದರಡಿಗೆ ಇಷ್ಟು ಅಂದರು, ಇನ್ನೊಬ್ಬರು ಅದರ ಅರ್ಧ ಅಂದರು. ನೀವು ಎರಡನೆಯವರನ್ನು ಹಿಡಿದಿರಿ. ಕೊನೆಗೆ ಬಿಲ್ಲು ಮೊದಲನೆಯವರಿಗಿಂತ ಜಾಸ್ತಿ ಬಂತು. ಹೇಗೆ?

7 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳದ ಕಪಾಟು ತೊಗೊಳ್ಳಿ. ಎದುರಿನ ಮುಖ ಅಳೆದರೆ 49 ಚದರಡಿ. ಈಗ ಹಲಗೆ ಹಲಗೆ ಬಿಡಿಸಿ ಅಳೆಯೋಣ. ಎರಡು ಪಕ್ಕ 28, ಮೇಲೆ ಕೆಳಗೆ 28, ನಡುವಿನ ಗೋಡೆ 14, ಐದು ಖಾನೆ ಹಲಗೆ 35, ಬಾಗಿಲು 49, ಡ್ರಾಯರಿಗೆ ಸುಮಾರು 15. ಒಟ್ಟು 169. ಕಪಾಟು ಅದೇ, ಅಳತೆ ಮಾತ್ರ ಮೂರು ಪಟ್ಟಿಗಿಂತ ಜಾಸ್ತಿ. ಹಾಗಾಗಿ ದರ ಕೇಳುವ ಮುಂಚೆ ಕೇಳಬೇಕಾದ್ದು: ಎದುರಿನ ಅಳತೆಯೋ, ಹಲಗೆ ಅಳತೆಯೋ? ಅಟ್ಟ ಸೇರಿತೋ ಬೇರೆಯೋ? ಒಳಗಿನ ಡ್ರಾಯರಿಗೆ ಪ್ರತ್ಯೇಕ ಕೂಲಿ ಇದೆಯೋ? ದರ ಬರೀ ಕೂಲಿಯೋ, ಸಾಮಾನು ಸಮೇತವೋ?

ಅದೇ ಲೆಕ್ಕದಿಂದ ಸಾಮಾನೂ ತಿಳಿಯುತ್ತದೆ. ಒಂದು ಶೀಟು 32 ಚದರಡಿ. 169ಕ್ಕೆ ಐದೂಕಾಲು ಶೀಟು, ಕತ್ತರಿಸಿ ಹೋಗುವುದು ಸೇರಿ 18 ಮಿಲಿಮೀಟರಿನ ಆರು ಶೀಟು. ಹಿಂಭಾಗಕ್ಕೆ 6 ಮಿಲಿಮೀಟರಿನ ಎರಡು. ಮಿಸ್ತ್ರಿ ಹತ್ತು ಶೀಟು ಬರೆದುಕೊಟ್ಟರೆ ಯಾಕೆ ಅಂತ ಕೇಳಬಹುದು. ನಾಲ್ಕೇ ಸಾಕು ಅಂದರೂ ಕೇಳಬೇಕು, ಆಗ ಎಲ್ಲೋ ತೆಳು ಹಲಗೆ ಸೇರುತ್ತದೆ.

ನನ್ನ ಸಲಹೆ: ಕೂಲಿ ಮಿಸ್ತ್ರಿಗೆ, ಸಾಮಾನು ನೀವೇ ಬಿಲ್ಲು ಹಾಕಿಸಿ ತರುವುದು. ಓಡಾಟ ಜಾಸ್ತಿ, ನಿಜ. ಆದರೆ ಯಾವ ಪ್ಲೈ ಬಂತು ಅನ್ನುವ ಜಗಳ ಇರುವುದಿಲ್ಲ.

ಹಂತ 6: ಕಾಗದದ ಮೇಲೆ ಬರೆಯಿರಿ, ಆಮೇಲೆ ಅಡ್ವಾನ್ಸ್

ಸ್ಟ್ಯಾಂಪ್ ಪೇಪರ್ ಬೇಕಾಗಿಲ್ಲ. ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಚಿತ್ರ, ಅಳತೆ, ಖಾನೆಗಳ ಎತ್ತರ, ಪ್ಲೈಯ ಗ್ರೇಡು ಮತ್ತು ದಪ್ಪ, ಮೈಕಾ ನಂಬರ್, ಕಬ್ಜಾ ಮತ್ತು ಡ್ರಾಯರ್ ಸರಿಯುವ ಚಾನೆಲ್‌ನ ಕಂಪನಿ, ಅಳತೆಯ ರೀತಿ, ದರ, ಮುಗಿಸುವ ದಿನಾಂಕ, ಕಸ ಯಾರು ಎತ್ತಬೇಕು ಅನ್ನುವುದೂ ಇರಲಿ. ಇಬ್ಬರೂ ಸಹಿ ಮಾಡಿ, ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿ. ನಡುವೆ ಏನೇ ಬದಲಾದರೂ ಅಲ್ಲೇ ಬರೆದು ಹಾಕಿ.

ಕೂಲಿಯನ್ನು ಕೆಲಸದ ಗುರುತಿಗೆ ಕಟ್ಟಿ, ದಿನಕ್ಕಲ್ಲ. ಶುರುವಿಗೆ ಸ್ವಲ್ಪ, ಪೆಟ್ಟಿಗೆ ನಿಂತ ಮೇಲೆ ಒಂದು ಕಂತು, ಮೈಕಾ ಮುಗಿದ ಮೇಲೆ ಒಂದು. ಬಾಗಿಲು, ಡ್ರಾಯರ್ ಎಲ್ಲಾ ಸರಿಹೊಂದಿದ ಮೇಲೆ ಉಳಿದದ್ದು, ಅದು ಹತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ಊರಿಗೆ ಹೋಗಬೇಕು ಅಂತ ಅರ್ಧ ಕೆಲಸಕ್ಕೇ ಪೂರ್ತಿ ರೊಕ್ಕ ಕೇಳುವುದು ಎಚ್ಚರಿಕೆಯ ಗಂಟೆ.

ಊರು ಅಂದಾಗ ನೆನಪಾಯಿತು. ನಮ್ಮಲ್ಲಿ ಬಡಗಿ ಕೆಲಸಕ್ಕೆ ರಾಜಸ್ಥಾನ, ಉತ್ತರ ಪ್ರದೇಶದ ಕಡೆಯವರೂ ಇದ್ದಾರೆ. ಹೋಳಿ, ದೀಪಾವಳಿಗೆ ಊರಿಗೆ ಹೋದವರು ಬರುವುದು ತಡ ಆಗಬಹುದು. ಇಲ್ಲಿಯವರಿಗೆ ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ, ಆಮೇಲೆ ಯುಗಾದಿ. ಆ ದಿನಗಳಿಗೆ ಸರಿಯಾಗಿ ಕೆಲಸ ಶುರು ಮಾಡಿದರೆ ಅರ್ಧ ಕಪಾಟು ಮನೆಯಲ್ಲಿ ನಿಂತೇ ಇರುತ್ತದೆ.

ಹಂತ 7: ಸಾಮಾನು ಕೊಳ್ಳುವುದು

ಒಣ ಗೋಡೆಯ ಮಲಗುವ ಕೋಣೆಗೆ ಎಂಆರ್ ಗ್ರೇಡ್ (ತೇವ ತಡೆಯುವ ಪ್ಲೈ) ನಡೆಯುತ್ತದೆ. ಬಾತ್‌ರೂಮಿನ ಪಕ್ಕದ ಗೋಡೆಗೆ, ಮತ್ತು ಎಲ್ಲೇ ಆದರೂ ನೆಲಕ್ಕೆ ಹತ್ತಿರದ ಹಲಗೆಗೆ ಬಿಡಬ್ಲ್ಯೂಆರ್ (ಕುದಿಯುವ ನೀರನ್ನೂ ತಡೆಯುವ ಪ್ಲೈ) ತೊಗೊಳ್ಳಿ. ಈ ಎರಡೂ ಐಎಸ್ 303 ಅನ್ನುವ ಭಾರತೀಯ ಮಾನಕದಲ್ಲಿ ಬರುತ್ತವೆ. ನೀರಿಗೆ ಇನ್ನೂ ಹೆಚ್ಚು ತಡೆಯುವ ಮರೈನ್ ಪ್ಲೈಗೆ ಐಎಸ್ 710. ಶೀಟಿನ ಮೇಲೆ “710” ಅಂತ ಸೀಲ್ ಹೊಡೆಯುವುದು ಕಷ್ಟವೇನಲ್ಲ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇದೆಯಾ ನೋಡಿ, ಅದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಪರೀಕ್ಷಿಸಿ.

ಅಂಚನ್ನು ಕಣ್ಣಿಟ್ಟು ನೋಡಿ. ಪದರಗಳ ನಡುವೆ ತೂತು, ಒಂದರ ಮೇಲೊಂದು ಹತ್ತಿದ ಪದರ ಇದ್ದರೆ ಬೇಡ. ಬೆರಳಿನಿಂದ ಬಡಿಯುತ್ತಾ ಹೋಗಿ, ಒಂದು ಕಡೆ ಟೊಳ್ಳು ಸದ್ದು ಬಂದರೆ ಒಳಗೆ ಪೊಳ್ಳು ಇದೆ. ಸಣ್ಣ ತೂತು, ಕೆಳಗೆ ನುಣ್ಣನೆ ಹುಡಿ ಕಂಡರೆ ಹುಳ ಹೊಕ್ಕಿದೆ, ಆ ಶೀಟು ಅಂಗಡಿಯ ಬಾಗಿಲು ದಾಟಬಾರದು. 18 ಅಂತ ಬರೆದದ್ದು 16 ಇರಬಹುದು, ಅಳೆಯಿರಿ.

ಮೈಕಾ ಹೊರಗೆ 1 ಮಿಲಿಮೀಟರ್. ಒಳಗೆ ಅದಕ್ಕಿಂತ ತೆಳುವಾದದ್ದು ಸಾಕು. ಆದರೆ ಬಾಗಿಲಿನ ಎರಡೂ ಮೈಗೆ ಮೈಕಾ ಬೇಕೇ ಬೇಕು. ಹೊರಗೆ ಮೈಕಾ, ಒಳಗೆ ಬರೀ ಬಣ್ಣ ಹೊಡೆದ ಬಾಗಿಲು ನಮ್ಮ ಬೇಸಿಗೆ ಮತ್ತು ಮಳೆಯ ನಡುವೆ ಬಿಲ್ಲಿನ ಹಾಗೆ ಬಾಗುತ್ತದೆ.

ಕಬ್ಜಾ ಕೊಳ್ಳುವಾಗ ಕ್ರ್ಯಾಂಕ್ ನಂಬರ್ (ಕಬ್ಜಾದ ತೋಳು ಎಷ್ಟು ಬಾಗಿದೆ ಅನ್ನುವುದು) ಕೇಳುತ್ತಾರೆ. ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವ ಬಾಗಿಲಿಗೆ 0, ನಡುವಿನ ಒಂದೇ ಹಲಗೆಗೆ ಎರಡು ಬಾಗಿಲು ಕೂತರೆ 8, ಚೌಕಟ್ಟಿನ ಒಳಗೆ ಕೂರುವ ಬಾಗಿಲಿಗೆ 16. ಎಲ್ಲಾ ಒಂದೇ ನಮೂನೆ ತಂದರೆ ನಡುವಿನ ಬಾಗಿಲುಗಳು ಒಂದಕ್ಕೊಂದು ತಾಗುತ್ತವೆ. 7 ಅಡಿಯ ಬಾಗಿಲು ಮೈಕಾ ಸೇರಿ 15 ಕಿಲೋದಷ್ಟು ತೂಗುತ್ತದೆ, ನಾಲ್ಕು ಕಬ್ಜಾ ಬೇಕು. ಮೂರರಲ್ಲಿ ಮುಗಿಸುವವರಿಗೆ ಬೇಡ ಅನ್ನಿ. ಬಾಗಿಲಿನ ಅಗಲ 24 ಇಂಚು ದಾಟದಿರಲಿ.

ಹಂತ 8: ಕೋಣೆ ಸಿದ್ಧ ಮಾಡುವ ಕ್ರಮ

ಹೊಸ ಮನೆ ಆದರೆ ಈ ಕ್ರಮ ಬಿಡಬೇಡಿ: ವಯರಿಂಗ್, ನೆಲ, ಫಾಲ್ಸ್ ಸೀಲಿಂಗ್, ಪುಟ್ಟಿ, ಪ್ರೈಮರ್, ಒಂದು ಕೋಟ್ ಬಣ್ಣ, ಆಮೇಲೆ ಕಪಾಟು, ಕೊನೆಗೆ ಕಡೆಯ ಕೋಟ್. ಪ್ಲಾಸ್ಟರ್ ಹಸಿ ಇರುವಾಗ ಪ್ಲೈ ತಾಗಿಸಬೇಡಿ, ಒಂದು ತಿಂಗಳಾದರೂ ಒಣಗಲಿ.

ಕೆಲಸದ ದಿನಗಳಲ್ಲಿ ಅರ್ಥಿಂಗ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ನೀವೇ ಕೊಡಿ. ಬರೀ ವಯರನ್ನು ಸಾಕೆಟ್ಟಿಗೆ ಚುಚ್ಚಿ ಕಡ್ಡಿ ಸಿಗಿಸುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ. ಗಾರ್ಡ್ ಬಿಚ್ಚಿದ ಕಟರಿಗೆ ಮರದ ಬ್ಲೇಡ್ ಹಾಕಿ ಓಡಿಸುವುದೂ ಅಷ್ಟೇ ಅಪಾಯ. ರಬ್ಬರ್ ಅಂಟಿನ ಡಬ್ಬ ತೆರೆದಾಗ ಕಿಟಕಿ ತೆಗೆದಿರಲಿ, ಹತ್ತಿರ ಬೀಡಿ, ಸಿಗರೇಟು ಬೇಡ. ಅದು ಬೇಗ ಬೆಂಕಿ ಹಿಡಿಯುತ್ತದೆ.

ಹಂತ 9: ಪೆಟ್ಟಿಗೆ ನಿಂತ ದಿನ, ಮೈಕಾಕ್ಕೆ ಮುಂಚೆ

ಅಂದು ನೀವು ಮನೆಯಲ್ಲಿ ಇರಬೇಕು. ರಜೆ ಹಾಕುವುದಾದರೆ ಇದೇ ದಿನ ಹಾಕಿ.

ಮೊದಲು ಕರ್ಣ ಅಳೆಯಿರಿ. ಎಡ ಮೇಲಿನ ಮೂಲೆಯಿಂದ ಬಲ ಕೆಳಗಿನ ಮೂಲೆಗೆ, ಆಮೇಲೆ ಉಲ್ಟಾ. ಎರಡೂ ಒಂದೇ ಬಂದರೆ ಪೆಟ್ಟಿಗೆ ನೆಟ್ಟಗಿದೆ. ಹೆಚ್ಚು ಕಡಿಮೆ ಬಂದರೆ ವಾರೆ ಆಗಿದೆ, ಯಾವ ಕಬ್ಜಾ ತಿರುಗಿಸಿದರೂ ಬಾಗಿಲು ಸರಿಯಾಗುವುದಿಲ್ಲ. ಲೆವೆಲ್ ಪಟ್ಟಿಯನ್ನು ಕೆಳ ಹಲಗೆಯ ಮೇಲೂ ಪಕ್ಕಕ್ಕೂ ಹಿಡಿಯಿರಿ. ಫರ್ಸಿ ನೆಲ ಇರುವ ಮನೆಯಲ್ಲಿ ನೆಲವೇ ಏರುಪೇರು, ಅಡಿಯಲ್ಲಿ ಪ್ಯಾಕಿಂಗ್ ಕೊಟ್ಟು ಸಮ ಮಾಡಲೇಬೇಕು.

ಪೆಟ್ಟಿಗೆಯ ಅಡಿ ನೆಲಕ್ಕೆ ತಾಗಬಾರದು. ಹಬ್ಬ ಬಂದರೆ ನಾವು ಬಕೆಟ್ಟುಗಟ್ಟಲೆ ನೀರು ಹೊಯ್ದು ಮನೆ ತೊಳೆಯುವವರು. ಆ ನೀರು ಪ್ಲೈಯ ಅಂಚಿಗೆ ಏರುತ್ತದೆ. ನಾಲ್ಕು ಇಂಚಿನ ಪಿವಿಸಿ ಕಾಲು ಅಥವಾ ಕಲ್ಲಿನ ಪಟ್ಟಿಯ ಮೇಲೆ ಕೂರಿಸಿ. ಹಿಂದಿನ ಹಲಗೆ ಇದೆಯಾ ನೋಡಿ. ಗೋಡೆಯೇ ಇದೆಯಲ್ಲ ಅಂತ ಅದನ್ನು ಬಿಡುವವರಿದ್ದಾರೆ. ಹಿಂದಿನ ಹಲಗೆ ಇಲ್ಲದ ಪೆಟ್ಟಿಗೆ ನೆಟ್ಟಗೆ ನಿಲ್ಲುವುದಿಲ್ಲ, ಬಟ್ಟೆಗೆ ಸುಣ್ಣ ಹತ್ತುವುದು ಬೇರೆ.

ಜೋಡಣೆಯಲ್ಲಿ ಬರೀ ಮೊಳೆ ಕಂಡರೆ ಸ್ಕ್ರೂ ಹಾಕಿಸಿ. ನೇಲ್ ಗನ್ನಿನ ಪಿನ್ನು ಅಂಟು ಒಣಗುವ ತನಕ ಹಿಡಿದಿಡಲು ಮಾತ್ರ. ಡ್ರಾಯರ್ ಬಾಗಿಲಿನ ಹಿಂದೆ ಬರುವುದಾದರೆ ಕಬ್ಜಾದ ಕಡೆ ಒಂದು ಪಟ್ಟಿ ಕೊಟ್ಟು ಅದನ್ನು ಒಳಕ್ಕೆ ಸರಿಸಿರಬೇಕು, ಇಲ್ಲದಿದ್ದರೆ ಅರ್ಧ ಎಳೆಯುವಷ್ಟರಲ್ಲಿ ಕಬ್ಜಾಕ್ಕೆ ಬಡಿಯುತ್ತದೆ. ಚಾನೆಲ್‌ಗೆ ಎರಡೂ ಪಕ್ಕ ಅರ್ಧ ಇಂಚು ಜಾಗ ಬೇಕು. ಎಲ್ಲದರ ಫೋಟೊ ತೆಗೆಯಿರಿ. ಮೈಕಾ ಹಚ್ಚಿ ಅಂತ ಹೇಳುವುದು ಆಮೇಲೆ.

ಹಂತ 10: ಮೈಕಾ, ಬಾಗಿಲು, ಒಪ್ಪಿಕೊಳ್ಳುವುದು

ಬಿಳಿ ಅಂಟಿನಿಂದ ಹಚ್ಚಿದ ಮೈಕಾ ರಾತ್ರಿಯಿಡೀ ಒತ್ತಿನಲ್ಲಿ ಇರಬೇಕು. ಬೆಳಿಗ್ಗೆ ಹಚ್ಚಿ ಮಧ್ಯಾಹ್ನ ಬಾಗಿಲು ಎತ್ತಿ ನಿಲ್ಲಿಸಿದರೆ ಗುಳ್ಳೆ ಏಳುತ್ತದೆ. ಮರದ ಗೆರೆ ಇರುವ ಮೈಕಾ ಆದರೆ ಎಲ್ಲಾ ಬಾಗಿಲಲ್ಲೂ ಗೆರೆ ಒಂದೇ ದಿಕ್ಕಿಗಿದೆಯಾ ಮೊದಲೇ ಹೊಂದಿಸಿ ನೋಡಿ. ಬಾಗಿಲುಗಳ ನಡುವೆ 2-3 ಮಿಲಿಮೀಟರ್ ಸಂದಿ ಇರಲಿ, ಮಳೆಗಾಲದಲ್ಲಿ ಅದು ಬೇಕಾಗುತ್ತದೆ.

ಕೊನೆಯ ಕಂತಿಗೆ ಮುಂಚೆ ಪ್ರತಿ ಬಾಗಿಲು ತೆರೆದು ಅರ್ಧಕ್ಕೆ ಬಿಡಿ. ತಾನಾಗಿ ಸರಿದಾಡಿದರೆ ಪೆಟ್ಟಿಗೆ ವಾಲಿದೆ. ಡ್ರಾಯರಿಗೆ ನಿಜವಾದ ತೂಕ ಹಾಕಿ ಎಳೆಯಿರಿ. ಅಂಚಿನ ಪಟ್ಟಿಯ ಮೇಲೆ ಕೈ ಆಡಿಸಿ, ಚುಚ್ಚಿದರೆ ಸವರಿಸಿ. ಟಾರ್ಚ್ ಹಿಡಿದು ಗೋಡೆಯ ಸಂದಿ ನೋಡಿ. ಎಲ್ ಕ್ಲ್ಯಾಂಪ್ ಎಲ್ಲಿದೆ ತೋರಿಸಲು ಹೇಳಿ, ಮಕ್ಕಳಿರುವ ಮನೆಯಲ್ಲಿ ಇದನ್ನು ಬಿಡಲೇಬೇಡಿ.

ಒಪ್ಪಿದ ಕೆಲಸ ಮಾಡದೇ ಫೋನ್ ಎತ್ತದವರ ಮೇಲೆ ದೂರು ಕೊಡಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆಗ ಆ ಸಹಿ ಹಾಕಿದ ಹಾಳೆ, ಬಿಲ್ಲು, ಫೋಟೊಗಳೇ ನಿಮ್ಮ ಕೈಯಲ್ಲಿರುವ ಆಧಾರ.

ಮೊದಲ ತಿಂಗಳಲ್ಲಿ ಕಬ್ಜಾ ಸ್ವಲ್ಪ ಇಳಿಯುವುದು ಸಹಜ, ಸ್ಕ್ರೂಡ್ರೈವರಿನಿಂದ ತಿರುಗಿಸಿ ಸರಿ ಮಾಡುವುದನ್ನು ಮಿಸ್ತ್ರಿ ಹೋಗುವ ಮುಂಚೆ ಕಲಿತುಕೊಳ್ಳಿ. ಉಳಿದ ಮೈಕಾ ತುಂಡನ್ನು, ಹಿಂದೆ ನಂಬರ್ ಬರೆದು, ಅಟ್ಟದಲ್ಲಿ ಎತ್ತಿಡಿ. ಆ ಬಣ್ಣ ಅಂಗಡಿಯಲ್ಲಿ ಮುಂದಿನ ವರ್ಷವೂ ಸಿಗುತ್ತದೆ ಅಂತ ಯಾರೂ ಗ್ಯಾರಂಟಿ ಕೊಡುವುದಿಲ್ಲ.